ಕರಿಕೋಟು ಹೊಲಿಸುವ ಮುಂಚೆ

ತಂಗೀ, ಪಿಯುಸಿ ರಿಸಲ್ಟ್ ಬಂದ ಮೇಲೆ ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ನಾಲ್ಕಾರು ಮಕ್ಕಳು ಪ್ರತಿ ವರ್ಷ ನನ್ನ ಜಗಲಿ ಹತ್ತುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ಲಾ ಓದಲಿಕ್ಕೆ ಯಾವ ಯುನಿವರ್ಸಿಟಿ ಒಳ್ಳೆಯದು? ನಾನು ತಿರುಗಿ ಕೇಳುವುದೂ ಒಂದೇ. ಓದು ಮುಗಿದ ಮೇಲೆ ಯಾವ ಕೋರ್ಟಿನಲ್ಲಿ, ಯಾರ ಪರವಾಗಿ ನಿಲ್ಲಬೇಕು ಅಂತಿದ್ದೀ? ಉತ್ತರ ಇವತ್ತೇ ಗಟ್ಟಿಯಾಗಬೇಕಿಲ್ಲ. ಆದರೆ ಅದನ್ನು ಕೇಳಿಕೊಳ್ಳದೆ ಫೀಸು ಕಟ್ಟಬೇಡ.

ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹೊನ್ನಾವರದಲ್ಲಿ ಹುಟ್ಟಿದ ನಾರಾಯಣ ಗಣೇಶ ಚಂದಾವರ್ಕರ್ ಕಾನೂನು ಓದಿದ್ದು ಮುಂಬಯಿಯಲ್ಲೇ. 1900ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು, ಮರುವರ್ಷ ಮುಂಬಯಿ ಹೈಕೋರ್ಟಿನ ನ್ಯಾಯಮೂರ್ತಿ. ಅವರ ಕಾಲದಲ್ಲಿ ಊರು ಬಿಡದೆ ಗತಿ ಇರಲಿಲ್ಲ. ನಿನಗೆ ಹಾಗಲ್ಲ. ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು 1957ರದು, ಮಂಗಳೂರಿನ ಎಸ್‌ಡಿಎಂ ಕಾನೂನು ಕಾಲೇಜು 1974ರದು. ಘಟ್ಟ ಹತ್ತಿದರೆ ಹುಬ್ಬಳ್ಳಿ, ಧಾರವಾಡ. ಕುಮಟಾದಿಂದ ಉತ್ತರದ ರೈಲು ಹಿಡಿದರೆ ಮಡಗಾಂವಿನ ಕಾರೆ ಕಾಲೇಜೂ ದೂರವಲ್ಲ.

ಒಂದು ವಿಷಯ ಮನೆಯವರಿಗೂ ತಿಳಿಸು. ಉಡುಪಿ ಒಳ್ಳೆಯದೋ ಮಂಗಳೂರು ಒಳ್ಳೆಯದೋ ಎಂದು ನೀನು ತಲೆ ಕೆಡಿಸಿಕೊಂಡಿದ್ದರೆ, ಅದು ಯುನಿವರ್ಸಿಟಿ ಆರಿಸುವ ಮಾತೇ ಅಲ್ಲ. ಎರಡೂ 2009ರಲ್ಲಿ ಶುರುವಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೇ ಬರುತ್ತವೆ. ಪದವಿ ಪತ್ರದ ಮೇಲಿನ ಹೆಸರು ಒಂದೇ ಆದಾಗ, ನೋಡಬೇಕಾದ್ದು ಪಾಠ ಹೇಳುವವರನ್ನು ಮತ್ತು ಹತ್ತಿರದ ಕೋರ್ಟನ್ನು.

ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಮಾತು ಬೇರೆ. ಅಲ್ಲಿಗೆ ಕ್ಲಾಟ್ ಬರೆಯಬೇಕು. ಎರಡು ತಾಸು, 120 ಪ್ರಶ್ನೆ, ಪೂರ್ತಿ ಇಂಗ್ಲಿಷ್, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಈಚಿನ ವರ್ಷಗಳಲ್ಲಿ ಪರೀಕ್ಷೆ ನಡೆಯುವುದು ಡಿಸೆಂಬರಿನಲ್ಲಿ, ಅಂದರೆ ನೀನು ಇನ್ನೂ ಸೆಕೆಂಡ್ ಪಿಯುಸಿ ಬೆಂಚಿನಲ್ಲಿರುವಾಗಲೇ. ರಿಸಲ್ಟ್ ಬಂದ ಮೇಲಷ್ಟೇ ಕ್ಲಾಟಿನ ಹೆಸರು ಕೇಳಿ ಕೈ ಹಿಸುಕಿಕೊಂಡ ಜಾಣ ಮಕ್ಕಳನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ನಿನ್ನ ತಮ್ಮನಿಗಾದರೂ ಈಗಲೇ ಹೇಳಿಡು. ಸೀಟು ಸಿಕ್ಕರೆ ಹೋಗಲಿ, ಆದರೆ ಸಾಲದ ಲೆಕ್ಕ ಹಾಕಿಕೊಂಡು ಹೋಗಲಿ. ದೊಡ್ಡ ಫೀಸಿನ ಖಾಸಗಿ ಯುನಿವರ್ಸಿಟಿಗಂತೂ ಈ ಮಾತು ಇಮ್ಮಡಿ. ನಮ್ಮ ಕಡೆ ಜೂನಿಯರ್ ಆಗಿ ಸೇರಿದವರಿಗೆ ಮೊದಲೆರಡು ವರ್ಷ ಸಿಗುವುದು ಬಸ್ಸಿಗೆ, ಊಟಕ್ಕೆ ಸರಿಹೋಗುವಷ್ಟೇ. ಸಿವಿಲ್ ಜಡ್ಜ್ ಪರೀಕ್ಷೆ ಬರೆಯಲು ಮೂರು ವರ್ಷದ ವಕೀಲಿ ಇರಲೇಬೇಕೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬ್ಯಾಂಕಿನ ಕಂತು ಕತ್ತಿನ ಮೇಲಿದ್ದರೆ ಆ ಮೂರು ವರ್ಷ ತಾಳಿಕೊಳ್ಳುವುದು ಕಷ್ಟ.

ನನ್ನ ಆಫೀಸಿನಲ್ಲಿ ನಡೆದದ್ದು ಕೇಳು. ಅಘನಾಶಿನಿ ದಂಡೆಯ ಗಜನಿ ಗದ್ದೆಗಳ ಊರಿಂದ ಒಬ್ಬ ಅಜ್ಜಿ ಬಂದಿದ್ದಳು. ಪ್ಲಾಸ್ಟಿಕ್ ಕೊಟ್ಟೆಯೊಳಗೆ ನಾಲ್ಕು ಮಡಿಕೆ ಹಾಕಿದ ಪಹಣಿ. ಒಂಬತ್ತನೇ ಕಾಲಂನಲ್ಲಿ ಎಂದೋ ತೀರಿಹೋದ ಬಾವನ ಹೆಸರು, ಹನ್ನೊಂದರಲ್ಲಿ ಸೊಸೈಟಿ ಸಾಲ. ಆಗ ನನ್ನಲ್ಲಿದ್ದ ಜೂನಿಯರ್ ದೂರದ ಹೆಸರುವಾಸಿ ಕಾಲೇಜಿನಲ್ಲಿ ಓದಿ ಬಂದವನು. ವಾರಸಾ ಕಾನೂನಿನ ಸೆಕ್ಷನ್ನುಗಳು ಬಾಯಿಪಾಠ. ಆದರೆ ಆ ಕಾಗದವನ್ನು ಎತ್ತ ಹಿಡಿದು ಓದಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ಅಜ್ಜಿ ತಾನೇ ಬೆರಳಿಟ್ಟು ತೋರಿಸಿದಳು. ತಪ್ಪು ಅವನದಲ್ಲ. ಐದು ವರ್ಷದಲ್ಲಿ ಒಬ್ಬರೂ ಅವನ ಮುಂದೆ ಪಹಣಿ ಇಟ್ಟಿರಲಿಲ್ಲ. ಇಲ್ಲೇ ಹತ್ತಿರ ಓದಿದ ಇನ್ನೊಬ್ಬಳಿಗೆ ಫೋಡಿ, ಮ್ಯುಟೇಶನ್ ಎಲ್ಲ ನೀರು ಕುಡಿದಷ್ಟು ಸಲೀಸು, ಆದರೆ ಧಾರವಾಡ ಪೀಠದ ಇಂಗ್ಲಿಷ್ ಆದೇಶ ಓದಲು ಇಡೀ ರಾತ್ರಿ ಬೇಕಾಯಿತು. ನಮ್ಮ ಕರಾವಳಿಯ ಕೇಸುಗಳು, ಅರಣ್ಯ ಅತಿಕ್ರಮಣವಿರಲಿ, ಹೆದ್ದಾರಿಗೆ ಹೋದ ಜಾಗದ ಪರಿಹಾರವಿರಲಿ, ಹೊನ್ನಾವರದ ಕಾಸರಕೋಡು ಟೊಂಕದ ಬಂದರಿನ ತಕರಾರಿರಲಿ, ತಾಲೂಕು ಕಚೇರಿಯ ಕನ್ನಡದಲ್ಲಿ ಹುಟ್ಟಿ ಹೈಕೋರ್ಟಿನ ಇಂಗ್ಲಿಷಿಗೆ ಹೋಗುತ್ತವೆ. ಎರಡನ್ನೂ ಕಲಿಸುವ ಕಾಲೇಜು ನಿನಗೆ ಬೇಕು.

ಹಾಗಾಗಿ ಕಾಲೇಜು ನೋಡಲು ಹೋಗುವುದಾದರೆ ಕ್ಲಾಸು ನಡೆಯುವ ದಿನವೇ ಹೋಗು. ಬಾರ್ ಕೌನ್ಸಿಲ್ ಮಾನ್ಯತೆಯ ಪತ್ರ ಕೇಳು, ಸಂಕೋಚ ಬೇಡ. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಇರಬೇಕೆಂಬ ನಿಯಮವಿದೆ. ಮಕ್ಕಳು ನಿಜಕ್ಕೂ ಕೋರ್ಟಿಗೆ ಹೋಗುತ್ತಾರೋ, ಸರ್ಟಿಫಿಕೇಟು ಮಾತ್ರ ಬರುತ್ತದೋ ಎಂದು ಕ್ಯಾಂಟೀನಿನಲ್ಲಿ ಸೀನಿಯರ್‌ಗಳನ್ನು ಕೇಳು. ಲೈಬ್ರರಿಯಲ್ಲಿ ಹೈಕೋರ್ಟ್ ತೀರ್ಪುಗಳಿರುವ ಈ ವರ್ಷದ ಐಎಲ್‌ಆರ್ ಕರ್ನಾಟಕ ಸಂಚಿಕೆ ತೆಗೆಸಿ ನೋಡು. ಪುಟದ ಅಂಚು ಮಾಸಿದ್ದರೆ ಅಲ್ಲಿ ಓದುವವರಿದ್ದಾರೆ.

ಅದಕ್ಕೂ ಮೊದಲು ಬರುವ ಸೋಮವಾರ ಹನ್ನೊಂದರೊಳಗೆ ಕುಮಟಾ ಕೋರ್ಟಿಗೆ ಬಾ. ಹಿಂದಿನ ಬೆಂಚಿನಲ್ಲಿ ಸಂಜೆಯವರೆಗೆ ಕೂತಿರು. ಬುತ್ತಿ ತಾ, ಅಪ್ಪನನ್ನೂ ಕರೆದುಕೊಂಡು ಬಾ. ಸಂಜೆ ಮನೆಯಲ್ಲಿ ಕೂತು ಪ್ರಾಸ್ಪೆಕ್ಟಸ್ ಬಿಡಿಸೋಣ.