ದೂರದಿಂದ ಮುಟ್ಟುವುದು ಹೇಗೆ?

ಇಬ್ಬರು ಸೇರಿ ಬೀರು ಸಾಗಿಸುವಾಗ ಆಚೆ ತುದಿ ಹಿಡಿದವರ ಮುಖ ಕಾಣುವುದಿಲ್ಲ. ಆದರೂ ಅವರು ಹೆಜ್ಜೆ ನಿಧಾನಿಸಿದ್ದು, ಒಂದು ಕಡೆ ವಾಲಿದ್ದು, ಹಿಡಿತ ಬದಲಿಸಿದ್ದು ಎಲ್ಲವೂ ಬೀರುವಿನ ಮೂಲಕವೇ ನಮ್ಮ ಅಂಗೈಗೆ ಗೊತ್ತಾಗಿಬಿಡುತ್ತದೆ. ಈಗ ಆ ಇಬ್ಬರೂ ಬೇರೆ ಬೇರೆ ದೇಶಗಳಲ್ಲಿದ್ದಾರೆ, ಎತ್ತಬೇಕಾದ ವಸ್ತು ಕಂಪ್ಯೂಟರಿನೊಳಗೆ ಮಾತ್ರ ಇದೆ ಎಂದುಕೊಳ್ಳಿ. ಅಂಗೈಗೆ ಆ ಸುದ್ದಿ ಮುಟ್ಟಿಸುವ ವಿದ್ಯೆಗೆ ಹ್ಯಾಪ್ಟಿಕ್ಸ್ ಎಂದು ಹೆಸರು.

ವರ್ಚುವಲ್ ರಿಯಾಲಿಟಿಯ ಹೆಡ್‌ಸೆಟ್ ತೊಟ್ಟರೆ ನಮ್ಮ ಕೋಣೆ ಮರೆಯಾಗಿ ಬೇರೊಂದು ಜಗತ್ತು ಕಾಣುತ್ತದೆ. ಆಗ್ಮೆಂಟೆಡ್ ರಿಯಾಲಿಟಿಯಲ್ಲಿ (ಎಆರ್) ಕೋಣೆ ಹಾಗೇ ಇರುತ್ತದೆ, ಇಲ್ಲದ ವಸ್ತುಗಳು ಅದರ ನಡುವೆ ಬಂದು ಕೂರುತ್ತವೆ. ಎರಡರಲ್ಲೂ ಕಣ್ಣಿಗೆ, ಕಿವಿಗೆ ಬೇಕಾದ್ದು ಸಿಗುತ್ತದೆ. ಚಾಚಿದ ಕೈಗೆ ಸಿಗುವುದು ಬರೀ ಗಾಳಿ.

ಮುಟ್ಟುವುದು ಅಂದಾಗ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು. ಒಂದು, ಚರ್ಮಕ್ಕೆ ತಿಳಿಯುವಂಥದ್ದು: ನುಣುಪು, ತರಿ, ಕಂಪನ. ಚರ್ಮದ ಆಳದಲ್ಲಿರುವ ಪಾಸೀನಿಯನ್ ಎಂಬ ಗ್ರಾಹಕಗಳು ಸೆಕೆಂಡಿಗೆ ಸುಮಾರು 250 ಸಲ ಅದುರುವ ಕಂಪನವನ್ನು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯುತ್ತವೆ. ಮೊಬೈಲನ್ನು ನಡುಗಿಸುವ ಪುಟ್ಟ ಮೋಟಾರು ಎಬ್ಬಿಸುವುದು ಈ ಬಗೆಯ ಸ್ಪರ್ಶವನ್ನೇ. ಇನ್ನೊಂದು, ಸ್ನಾಯುಗಳಿಗೂ ಕೀಲುಗಳಿಗೂ ತಿಳಿಯುವಂಥದ್ದು: ಭಾರ, ಬಿಗಿ, ಎದುರೊತ್ತು. ಇದಕ್ಕೆ ಕಂಪನ ಸಾಲದು, ಕೈಯನ್ನು ನಿಜಕ್ಕೂ ತಡೆಯುವ ಯಂತ್ರವೇ ಬೇಕು. 1990ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಮ್ಯಾಸಿ ಮತ್ತು ಕೆನೆತ್ ಸಾಲಿಸ್ಬರಿ ರೂಪಿಸಿದ ಫ್ಯಾಂಟಮ್ ಅಂಥ ಯಂತ್ರ. ಮೇಜಿನ ಮೇಲೆ ಕೂರುವ ಒಂದು ಚಿಕ್ಕ ತೋಳು, ಅದರ ತುದಿಯಲ್ಲಿ ಪೆನ್ನಿನಂಥ ಹಿಡಿ. ಹಿಡಿಯನ್ನು ಆಡಿಸುತ್ತ ತೆರೆಯ ಮೇಲಿನ ಗೋಡೆಗೆ ತಾಗಿಸಿದರೆ ಮೋಟಾರುಗಳು ಕೈಯನ್ನು ಹಿಂದಕ್ಕೆ ಒತ್ತುತ್ತವೆ. ಇಲ್ಲದ ಗೋಡೆ ಕೈಗೆ ಸಿಕ್ಕೇ ಸಿಗುತ್ತದೆ.

2002ರ ಅಕ್ಟೋಬರಿನಲ್ಲಿ ಎಂಐಟಿಯ ಮಂಡಯಂ ಶ್ರೀನಿವಾಸನ್ ಮತ್ತು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಮೆಲ್ ಸ್ಲೇಟರ್ ಅವರ ತಂಡಗಳು ಇಂಥ ಎರಡು ತೋಳುಗಳನ್ನು ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿಟ್ಟು ಇಂಟರ್ನೆಟ್ಟಿನಲ್ಲಿ ಬೆಸೆದವು. ಇಬ್ಬರ ತೆರೆಯ ಮೇಲೂ ಒಂದೇ ಪೆಟ್ಟಿಗೆ. ಒಬ್ಬರೇ ಅದನ್ನು ಎತ್ತಲಾಗದು. ಆಚೆಯವರು ಒಂದು ಬದಿಯಿಂದ, ಈಚೆಯವರು ಇನ್ನೊಂದು ಬದಿಯಿಂದ ಒತ್ತಿ ಹಿಡಿದು ಮೇಲೆತ್ತಬೇಕು. ಒತ್ತು ಕಡಿಮೆಯಾದರೆ ಪೆಟ್ಟಿಗೆ ಜಾರುತ್ತದೆ, ಹೆಚ್ಚಾದರೆ ಇನ್ನೊಬ್ಬರ ಕೈಯನ್ನೇ ತಳ್ಳಿದಂತಾಗುತ್ತದೆ. ಬರೀ ಕಣ್ಣಲ್ಲಿ ನೋಡಿ ಎತ್ತಿದ್ದಕ್ಕಿಂತ ಕೈಗೂ ತಿಳಿಯುವಂತಿದ್ದಾಗ, ಆಚೆ ಒಬ್ಬ ಮನುಷ್ಯ ತಮ್ಮ ಜೊತೆಗಿದ್ದಾನೆ ಎಂಬ ಭಾವ ಜನರಲ್ಲಿ ಹೆಚ್ಚಿತು. ನನ್ನ ಮಟ್ಟಿಗೆ ಈ ವಿದ್ಯೆಯ ತಿರುಳು ಇಲ್ಲಿದೆ. ವಸ್ತು ಎಷ್ಟು ನಿಜವೆನಿಸಿತು ಎಂಬುದಕ್ಕಿಂತ ಜೊತೆಗಾರ ಎಷ್ಟು ನಿಜವೆನಿಸಿದ ಎಂಬುದೇ ದೊಡ್ಡದು.

ಹಾಗಿದ್ದರೆ ಇದು ಇನ್ನೂ ನಮ್ಮ ವಿಡಿಯೊ ಕರೆಗಳಷ್ಟು ಸಲೀಸಾಗಿಲ್ಲ, ಯಾಕೆ? ಮುಖ್ಯ ತೊಡಕು ತಡ. ನೋಡುವುದು, ಕೇಳುವುದು ಒಂದೇ ದಿಕ್ಕಿನ ಕೆಲಸ. ಚಿತ್ರ ತುಸು ತಡವಾಗಿ ಬಂದರೂ ಚಿತ್ರವೇ. ಮುಟ್ಟುವುದು ಹಾಗಲ್ಲ. ಒತ್ತಿದ ಗಳಿಗೆಯಲ್ಲೇ ಎದುರೊತ್ತು ಬರಬೇಕು. ಗಟ್ಟಿ ವಸ್ತು ಗಟ್ಟಿಯಾಗಿ ತಾಗಬೇಕಾದರೆ ಯಂತ್ರ ತನ್ನ ಬಲವನ್ನು ಸೆಕೆಂಡಿಗೆ ಸುಮಾರು 1,000 ಸಲ ಸರಿಪಡಿಸಿಕೊಳ್ಳುತ್ತಿರಬೇಕು. ಚಲಿಸುವ ಚಿತ್ರಕ್ಕೆ 60, 90 ಸಲ ಸಾಕು. ಇಂಟರ್ನೆಟ್ಟಿನ ಸುದ್ದಿ ಒಯ್ಯುವ ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಎಂಐಟಿಯ ನೆರೆಯ ಬಾಸ್ಟನ್ನಿಂದ ಲಂಡನ್ನಿಗೆ 5,000 ಕಿಲೋಮೀಟರಿಗೂ ಹೆಚ್ಚು. ನೇರ ದಾರಿಯಲ್ಲೇ ಹೋಗಿಬಂದರೂ ಒಂದು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಕಳೆದಿರುತ್ತದೆ. ಅಷ್ಟರಲ್ಲಿ ನಿಮ್ಮ ಕೈ ಗೋಡೆಯೊಳಗೆ ಹೊಕ್ಕಿರುತ್ತದೆ. ತಡವಾಗಿ ಬಂದ ಎದುರೊತ್ತು ಕೈಯನ್ನು ಜೋರಾಗಿ ಹಿಂದೆ ದೂಡುತ್ತದೆ, ಕೈ ಮತ್ತೆ ಮುಂದೆ ಬರುತ್ತದೆ, ಮತ್ತೆ ದೂಡುತ್ತದೆ. ಕೊನೆಗೆ ತೋಳು ಗಡಗಡ ನಡುಗತೊಡಗುತ್ತದೆ. ಬೆಳಕಿಗಿಂತ ವೇಗದ ತಂತಿ ಇಲ್ಲದ ಕಾರಣ ಎಂಥ ಒಳ್ಳೆಯ ನೆಟ್‌ವರ್ಕ್ ಬಂದರೂ ಈ ತಡ ಪೂರ್ತಿ ಹೋಗುವಂಥದ್ದಲ್ಲ.

ಕೆಲವು ಉಪಾಯಗಳು ಮನುಷ್ಯನ ಸ್ವಭಾವದಿಂದಲೇ ಸಿಕ್ಕಿವೆ. ಬಲದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ವ್ಯತ್ಯಾಸವಾಗುವವರೆಗೆ ಕೈಗೆ ಅದು ತಿಳಿಯುವುದೇ ಇಲ್ಲ. ಹಾಗಾಗಿ ತಿಳಿಯುವಷ್ಟು ಬದಲಾದಾಗ ಮಾತ್ರ ಸುದ್ದಿ ಕಳಿಸಿದರೆ ನೆಟ್‌ವರ್ಕಿನ ಹೊರೆ ಬಹಳ ಇಳಿಯುತ್ತದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಇದನ್ನು ಚೆನ್ನಾಗಿ ಬೆಳೆಸಿದ್ದಾರೆ. ಕಣ್ಣಿನಿಂದ ಕೈಯನ್ನು ನಂಬಿಸುವುದೂ ಉಂಟು. ನಿಮ್ಮ ಕೈ ಒಂದು ಅಡಿ ಸರಿದಾಗ ತೆರೆಯ ಮೇಲಿನ ವಸ್ತು ಅರ್ಧ ಅಡಿಯಷ್ಟೇ ಸರಿದರೆ ಅದು ಭಾರವಾಗಿದೆ ಎಂದೆನಿಸುತ್ತದೆ, ಮೋಟಾರೇ ಬೇಡ. ಕೈಯಲ್ಲಿ ನಿಜವಾದ ಸ್ಪ್ಯಾನರ್ ಹಿಡಿದು ಎಆರ್ ಕನ್ನಡಕದಲ್ಲಿ ಪರಿಣತರ ಸೂಚನೆ ನೋಡುತ್ತ ದುರಸ್ತಿ ಮಾಡುವವರಿಗೆ ಸ್ಪರ್ಶ ಮೂಡಿಸುವ ದಪ್ಪ ಗ್ಲೌಸು ಅಡ್ಡಿಯೇ ಆಗುವುದರಿಂದ, ಅಲ್ಲಿ ಇಂಥ ಹಗುರ ಉಪಾಯಗಳೂ ಮಣಿಕಟ್ಟಿನ ಪಟ್ಟಿಯ ಕಂಪನವೂ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ತಡವನ್ನೇ ಎದುರಿಸುವ ಒಂದು ದಾರಿ ಊಹೆ. ದೂರದ ವಸ್ತುವಿನ ಒಂದು ನಕಲನ್ನು ನಿಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡರೆ ಉತ್ತರ ಸ್ಥಳದಲ್ಲೇ ಸಿಗುತ್ತದೆ, ಆಮೇಲೆ ಬಂದ ನಿಜವಾದ ಸುದ್ದಿಗೆ ತಕ್ಕಂತೆ ನಕಲನ್ನು ತಿದ್ದಿಕೊಳ್ಳಬಹುದು. ಗೋಡೆಗೆ, ಮೇಜಿಗೆ ಇದು ಚೆನ್ನಾಗಿ ಹೊಂದುತ್ತದೆ, ಅವು ಇದ್ದಲ್ಲೇ ಇರುತ್ತವೆ. ಆಚೆ ಬದಿಯಲ್ಲಿರುವುದು ಮನುಷ್ಯನ ಕೈಯಾದರೆ ಕಷ್ಟ. ಅದು ಅರೆಕ್ಷಣದಲ್ಲಿ ಮನಸ್ಸು ಬದಲಿಸುತ್ತದೆ, ಹಿಡಿದದ್ದನ್ನು ಬಿಟ್ಟುಬಿಡುತ್ತದೆ, ಊಹೆ ಅಲ್ಲೇ ತಪ್ಪುತ್ತದೆ.