ಅಘನಾಶಿನಿಯ ಅಳಿವೆ

ನದಿಯು ಕಡಲನ್ನು ಕೂಡುವ ಸ್ಥಳಕ್ಕೆ ಅಳಿವೆ ಎಂದು ಹೆಸರು. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕರಾವಳಿಯಲ್ಲಿ ಇಂತಹ ಅಳಿವೆಗಳು ಹಲವಿವೆ. ಅವುಗಳಲ್ಲಿ ಅಘನಾಶಿನಿಯ ಅಳಿವೆಯು ತನ್ನ ಸಹಜ ಸಂಪತ್ತಿಗಾಗಿ ಪ್ರಸಿದ್ಧವಾಗಿದೆ. ಅಘವೆಂದರೆ ಪಾಪ, ಪಾಪವನ್ನು ನಾಶಮಾಡುವವಳು ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುವ ಈ ನದಿಯು ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ದಟ್ಟವಾದ ಕಾಡುಗಳ ನಡುವೆ ಹರಿದು, ಕುಮಟಾ ತಾಲ್ಲೂಕಿನ ತದಡಿಯ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇದರ ಹಾದಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ.

ದಿನಕ್ಕೆ ಎರಡು ಬಾರಿ ಭರತದ ನೀರು ಅಳಿವೆಯೊಳಕ್ಕೆ ನುಗ್ಗುತ್ತದೆ. ಎರಡು ಬಾರಿ ಹಿಂದಕ್ಕೆ ಸರಿಯುತ್ತದೆ. ತುಂಬಿದಾಗ ಅದು ವಿಶಾಲವಾದ ಸರೋವರದಂತೆ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಒಡ್ಡಿನ ಮೇಲಿನ ಕಾಲುದಾರಿಯಲ್ಲಿ ನಡೆದು ಹೋಗುವವರಿಗೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ಕೆಸರಿನಲ್ಲಿ ಬೇರೂರಿದ ಕಾಂಡ್ಲಾ ಗಿಡಗಳ ಬುಡದಲ್ಲಿ ಮೀನಿನ ಮರಿಗಳೂ ಏಡಿಗಳೂ ಆಶ್ರಯ ಪಡೆದಿರುತ್ತವೆ. ಅವುಗಳನ್ನು ಅರಸಿ ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಮುಂತಾದ ಹಕ್ಕಿಗಳು ಬರುತ್ತವೆ. ನೀರುನಾಯಿಗಳೂ ಇಲ್ಲಿ ಉಂಟು.

ಈ ಉಪ್ಪುನೀರಿನ ನೆಲವನ್ನು ಜನರು ಜಾಣ್ಮೆಯಿಂದ ಬಳಸಿಕೊಂಡಿದ್ದಾರೆ. ಗಜನಿ ಎಂಬ ತಗ್ಗುಭೂಮಿಯಲ್ಲಿ ಮಳೆಗಾಲದಲ್ಲಿ ಕಗ್ಗವೆಂಬ ಭತ್ತವನ್ನು ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವುದು ಈ ತಳಿಯ ಹೆಚ್ಚುಗಾರಿಕೆ. ಕೊಯ್ಲು ಮುಗಿದ ಗದ್ದೆಗೆ ನೀರು ಬಿಟ್ಟರೆ ಅದೇ ಮೀನು, ಸೀಗಡಿಗಳ ಮನೆಯಾಗುತ್ತದೆ. ಸಾಣಿಕಟ್ಟಾದಲ್ಲಿ ಬೇಸಗೆಯ ಬಿಸಿಲು ಕಡಲ ನೀರನ್ನು ಉಪ್ಪಾಗಿಸುತ್ತದೆ.

ಅಳಿವೆಯ ಒಡಲಲ್ಲಿ ಒಂದು ಗಣಿಯೂ ಇದೆ. ಅದು ಚಿಪ್ಪಿನ ಗಣಿ. ಚಿಪ್ಪಿಕಲ್ಲು ಎಂಬ ಪ್ರಾಣಿಯು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಚಿಪ್ಪನ್ನು ಕಟ್ಟಿಕೊಳ್ಳುತ್ತದೆ. ಅದು ಸತ್ತ ಮೇಲೆ ಚಿಪ್ಪು ತಳದಲ್ಲಿ ಉಳಿಯುತ್ತದೆ. ತಲೆತಲಾಂತರಗಳಿಂದ ಹೀಗೆ ಸೇರಿದ ಚಿಪ್ಪುಗಳನ್ನು ಅಗೆದು ತೆಗೆದು, ಸುಟ್ಟು, ಸುಣ್ಣ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಕೈಗಾರಿಕೆಗಳಿಗೂ ಚಿಪ್ಪು ಬೇಕಾಯಿತು, ಅಗೆತವೂ ಹೆಚ್ಚಿತು. ಆದರೆ ಸತ್ತ ಚಿಪ್ಪುಗಳಿರುವ ತಳದಲ್ಲಿಯೇ ಜೀವಂತ ಚಿಪ್ಪಿಕಲ್ಲುಗಳೂ ಬದುಕುತ್ತವೆ. ಇಳಿತದ ವೇಳೆ ಮೊಳಕಾಲುದ್ದ ನೀರಿಗಿಳಿದು ಅವುಗಳನ್ನು ಆರಿಸಿ ಮಾರುವ ಬಡ ಹೆಂಗಸರ ಸಂಸಾರಗಳು ಹಲವಿವೆ. ತಳವನ್ನು ಮಿತಿಮೀರಿ ಅಗೆದರೆ ಅವರ ಅನ್ನವೂ ಚಿಪ್ಪಿನೊಡನೆ ಹೋಗುತ್ತದೆ.

ನೆರೆಯ ಹೊನ್ನಾವರದ ಶರಾವತಿಯು ಇನ್ನೊಂದು ಪಾಠವನ್ನು ಹೇಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ವಿದ್ಯುತ್ತು ನಾಡಿನ ಮನೆಗಳನ್ನು ಬೆಳಗಿದ್ದು ನಿಜ. ಆದರೆ ವಿದ್ಯುದಾಗಾರಗಳಿಂದ ವರ್ಷವಿಡೀ ಹೊರಬೀಳುವ ಸಿಹಿನೀರು ಅಳಿವೆಯ ಉಪ್ಪಿನಂಶವನ್ನು ತಗ್ಗಿಸಿತು. ಉಪ್ಪುನೀರನ್ನು ಬೇಡುವ ಚಿಪ್ಪಿಕಲ್ಲುಗಳು ಅಲ್ಲಿ ಬಹಳ ಕ್ಷೀಣಿಸಿದವೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಗೆತವಿಲ್ಲದೆಯೂ ಅಳಿವೆಯ ಸಂಪತ್ತು ಕರಗಬಹುದೆಂಬುದಕ್ಕೆ ಇದು ನಿದರ್ಶನ.

ಜೌಗುಭೂಮಿಗಳ ರಕ್ಷಣೆಗಾಗಿ 1971ರಲ್ಲಿ ಇರಾನ್ ದೇಶದ ರಾಮ್ಸಾರ್ ನಗರದಲ್ಲಿ ಒಂದು ಒಪ್ಪಂದವಾಯಿತು. 4801 ಹೆಕ್ಟೇರುಗಳ ಅಘನಾಶಿನಿ ಅಳಿವೆಯು 2024ರಲ್ಲಿ ಅದರ ಪಟ್ಟಿಗೆ ಸೇರಿತು. ಈ ಗೌರವದೊಡನೆ ಹೊಣೆಯೂ ಬಂದಿದೆ. ಅಳಿವೆಯು ಹಿರಿಯರು ಬಿಟ್ಟುಹೋದ ಗಂಟಿನಂತೆ. ಬಡ್ಡಿಯನ್ನು ಉಂಡು ಅಸಲನ್ನು ಮುಂದಿನವರಿಗೆ ಒಪ್ಪಿಸುವವನೇ ನಿಜವಾದ ವಾರಸುದಾರ.