ಫಲಾನುಭವಿಯೋ ಯಜಮಾನಿಯೋ: ಗ್ರಾಮೀಣ ಕುಟುಂಬದಲ್ಲಿ ನೇರ ನಗದಿನ ವಿನಿಯೋಗ

1

ಮುಂಬಯಿ ಕನ್ನಡಿಗರ ಚರಿತ್ರೆಯನ್ನು ಬರೆದವರು ಸಂಘಸಂಸ್ಥೆಗಳು, ರಾತ್ರಿಶಾಲೆಗಳು, ಪತ್ರಿಕೆಗಳು, ರಂಗಭೂಮಿ ಇವುಗಳಿಗೆ ಸಹಜವಾಗಿಯೇ ಹೆಚ್ಚಿನ ಮಹತ್ವವನ್ನು ನೀಡಿದ್ದಾರೆ. ಅದೇ ಚರಿತ್ರೆಗೆ ಸೇರಿದ, ಆದರೆ ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ದಾಖಲೆಯಿದೆ. ಅದು ಮನಿಯಾರ್ಡರಿನ ಫಾರಮು. ಭಾರತದ ಅಂಚೆ ಇಲಾಖೆ 1880ರಲ್ಲಿ ಮನಿಯಾರ್ಡರ್ ವ್ಯವಸ್ಥೆಯನ್ನು ಆರಂಭಿಸಿತು. ಕರಾವಳಿಯಿಂದ ಮುಂಬಯಿಗೆ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುತ್ತಿದ್ದ ತರುಣರು ತಿಂಗಳ ಸಂಬಳದಲ್ಲಿ ಉಳಿಸಿದ್ದನ್ನು ಈ ಮೂಲಕವೇ ಊರಿಗೆ ಕಳುಹಿಸುತ್ತಿದ್ದರು. ಫಾರಮಿನ ಕೆಳಭಾಗದ ಕೂಪನ್ನಿನಲ್ಲಿ ನಾಲ್ಕು ಸಾಲು ಬರೆಯಲು ಸ್ಥಳವಿರುತ್ತಿತ್ತು. ಅಂಚೆಯವನು ಮನೆಯಂಗಳಕ್ಕೆ ಬಂದು ಹಣವನ್ನು ಎಣಿಸಿಕೊಟ್ಟು, ತಾಯಿಯ ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಪಡೆದು ಹೋಗುತ್ತಿದ್ದನು. ಕಾಗದದ ಫಾರಮಿನ ಆ ಹಳೆಯ ಸೇವೆ 2015ರಲ್ಲಿ ನಿಂತುಹೋಯಿತು.

ಆ ಹಣ ಏನಾಯಿತು ಎಂಬ ಪ್ರಶ್ನೆಗೆ ಉತ್ತರ ಊರುಗಳಲ್ಲಿಯೇ ಇದೆ. ಅಂಗಡಿಯ ಬಾಕಿ ತೀರಿತು. ಅಡವಿಟ್ಟ ಒಡವೆ ಬಿಡಿಸಿಕೊಂಡಿತು. ತಮ್ಮನ ಶಾಲೆಯ ಶುಲ್ಕ ಸಂದಿತು. ಮುಳಿಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂತು. ಮಗನು ಕೂಪನ್ನಿನಲ್ಲಿ ಸೂಚನೆಗಳನ್ನು ಬರೆದಿದ್ದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ತೀರ್ಮಾನ ಊರಿನಲ್ಲಿದ್ದ ತಾಯಿಯದಾಗಿತ್ತು. ಆಕೆ ಹಣವನ್ನು ಹಾಳುಮಾಡುವಳೆಂಬ ಶಂಕೆ ಕಳುಹಿಸುವವನಿಗಿರಲಿಲ್ಲ.

ಈಚಿನ ದಶಕಗಳಲ್ಲಿ ಹಣ ಕಳುಹಿಸುವವರ ಸಾಲಿಗೆ ಸರಕಾರವೂ ಸೇರಿದೆ. ಭಾರತದಲ್ಲಿ 2013ರ ಜನವರಿಯಿಂದ ‘ನೇರ ನಗದು ವರ್ಗಾವಣೆ’ ಎಂಬ ಪದ್ಧತಿ ವ್ಯವಸ್ಥಿತವಾಗಿ ಜಾರಿಗೆ ಬಂದಿತು. ಸರಕಾರದ ಹಣ ಹಳ್ಳಿಯ ಕುಟುಂಬದ ಬ್ಯಾಂಕ್ ಖಾತೆಯನ್ನು ನೇರವಾಗಿ ತಲುಪತೊಡಗಿದೊಡನೆ, ಮಗನಿಗಿರದಿದ್ದ ಶಂಕೆ ಸಾರ್ವಜನಿಕ ಚರ್ಚೆಯಲ್ಲಿ ಕಾಣಿಸಿಕೊಂಡಿತು. ಬಡವರ ಕೈಗೆ ಹಣ ಕೊಟ್ಟರೆ ಅದು ಹೆಂಡದಂಗಡಿಗೆ ಹೋಗುತ್ತದೆ, ದುಡಿಯುವ ಹುಮ್ಮಸ್ಸು ಕುಂದುತ್ತದೆ ಎಂಬ ಮಾತುಗಳು ಪದೇಪದೇ ಕೇಳಿಬಂದಿವೆ. ಈ ಶಂಕೆಗೆ ಆಧಾರವಿದೆಯೇ ಎಂಬುದನ್ನೂ, ನಮ್ಮ ಆಡಳಿತ ಕನ್ನಡದ ಪದಗಳು ಈ ಶಂಕೆಯನ್ನು ಹೇಗೆ ಪೋಷಿಸಿವೆ ಎಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ಸರಕಾರಿ ಯೋಜನೆಯಿಂದ ಹಣವನ್ನೋ ವಸ್ತುವನ್ನೋ ಪಡೆಯುವವರನ್ನು ಕನ್ನಡದ ಕಡತಗಳು ‘ಫಲಾನುಭವಿ’ ಎಂದು ಕರೆಯುತ್ತವೆ. ಪದ ಸಂಸ್ಕೃತದ್ದು, ರಚನೆ ನಿರ್ದುಷ್ಟವಾದದ್ದು. ಆದರೆ ಅದರ ಅರ್ಥಚ್ಛಾಯೆಯನ್ನು ಗಮನಿಸಬೇಕು. ಫಲವನ್ನು ಅನುಭವಿಸುವವನು ಫಲಾನುಭವಿ. ಬಿತ್ತಿದವರು, ನೀರೆರೆದವರು, ಕಾದವರು ಬೇರೆಯವರು. ಈತನ ಪಾಲಿಗೆ ಉಳಿದದ್ದು ತಿನ್ನುವ ಕೆಲಸವೊಂದೇ ಎಂಬ ಸೂಚನೆ ಈ ಪದದಲ್ಲಿ ಅಡಗಿದೆ. ಹಾಗೆ ಕರೆಸಿಕೊಂಡವರು ಹಣದಿಂದ ಏನನ್ನಾದರೂ ಬೆಳೆಸಿಯಾರೆಂಬ ನಿರೀಕ್ಷೆಗೆ ಅಲ್ಲಿ ಎಡೆಯಿಲ್ಲ.

ಹಳ್ಳಿಗಳಲ್ಲಿ ನಡೆದ ಅಧ್ಯಯನಗಳು ಇದಕ್ಕಿಂತ ತೀರ ಭಿನ್ನವಾದ ಚಿತ್ರವನ್ನು ಕೊಡುತ್ತವೆ. ಅವುಗಳಲ್ಲಿ ನಮ್ಮ ದೇಶದ್ದೇ ಆದ ಒಂದು ಪ್ರಯೋಗ ವಿಶೇಷವಾಗಿ ಗಮನಾರ್ಹವಾಗಿದೆ. ಇಳಾ ಭಟ್ ಅವರು 1972ರಲ್ಲಿ ಸ್ಥಾಪಿಸಿದ ‘ಸೇವಾ’ ಮಹಿಳಾ ಸಂಘಟನೆಯು ಯುನಿಸೆಫ್ ನೆರವಿನಿಂದ 2011ರಲ್ಲಿ ಮಧ್ಯಪ್ರದೇಶದಲ್ಲಿ ಇದನ್ನು ಕೈಗೊಂಡಿತು. ಎಂಟು ಹಳ್ಳಿಗಳಲ್ಲಿ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 200 ರೂಪಾಯಿ, ಪ್ರತಿ ಮಗುವಿಗೂ 100 ರೂಪಾಯಿ ಕೊಡಲಾಯಿತು. ಒಂದು ವರ್ಷದ ತರುವಾಯ ಈ ಮೊತ್ತ ಕ್ರಮವಾಗಿ 300 ಮತ್ತು 150 ರೂಪಾಯಿಗೆ ಏರಿತು. ಹಣ ದೊರೆಯದ ಹನ್ನೆರಡು ಹಳ್ಳಿಗಳನ್ನು ಹೋಲಿಕೆಗಾಗಿ ಆರಿಸಲಾಗಿತ್ತು. ಪ್ರತ್ಯೇಕವಾಗಿ ಒಂದು ಆದಿವಾಸಿ ಹಳ್ಳಿಯಲ್ಲಿಯೂ ಪ್ರಯೋಗ ನಡೆಯಿತು. ಒಟ್ಟು ಸುಮಾರು 6,000 ಜನರಿಗೆ ಹಣ ದೊರೆಯಿತು.

ಈ ಪ್ರಯೋಗದ ಮೂರು ಲಕ್ಷಣಗಳು ಮುಖ್ಯವಾದವು. ಮೊದಲನೆಯದಾಗಿ, ಹಣಕ್ಕೆ ಯಾವ ಷರತ್ತೂ ಇರಲಿಲ್ಲ. ಎರಡನೆಯದಾಗಿ, ಬಡವರು ಯಾರು, ಅಲ್ಲದವರು ಯಾರು ಎಂದು ವಿಂಗಡಿಸದೆ ಊರಿನ ಎಲ್ಲರಿಗೂ ಕೊಡಲಾಯಿತು. ಮೂರನೆಯದಾಗಿ, ಹಣ ಕುಟುಂಬದ ಹೆಸರಿಗೆ ಬರದೆ ವ್ಯಕ್ತಿಯ ಹೆಸರಿಗೆ ಬಂದಿತು. ಸೊಸೆಗೂ ಅತ್ತೆಗೂ ಬೇರೆಬೇರೆಯಾಗಿ ಸಂದಿತು. ಮಕ್ಕಳ ಪಾಲು ತಾಯಿಯ ಕೈ ಸೇರಿತು.

ಮೊತ್ತ ದೊಡ್ಡದಲ್ಲ. ಆದರೂ ಅದರ ವಿನಿಯೋಗದ ರೀತಿ ಕುತೂಹಲಕರವಾಗಿದೆ. ಬೇಳೆ, ತರಕಾರಿ, ಮೊಟ್ಟೆಗಳು ಊಟದಲ್ಲಿ ಹೆಚ್ಚಿದವು. ವಯಸ್ಸಿಗೆ ತಕ್ಕ ತೂಕವುಳ್ಳ ಮಕ್ಕಳ ಪ್ರಮಾಣ ಏರಿತು. ಹೆಣ್ಣುಮಕ್ಕಳಲ್ಲಿ ಈ ಸುಧಾರಣೆ ಇನ್ನೂ ಸ್ಪಷ್ಟವಾಗಿತ್ತು. ಶಾಲೆಯ ಸಮವಸ್ತ್ರ, ಪಾದರಕ್ಷೆ, ಪುಸ್ತಕಗಳಿಗೆ ಹಣ ಹೋಯಿತು. ಕಾಯಿಲೆ ಬಿದ್ದಾಗ ಔಷಧಿಯನ್ನು ನಿಯಮಿತವಾಗಿ ಕೊಳ್ಳುವುದು ಸಾಧ್ಯವಾಯಿತು. ಉತ್ತಮ ಬೀಜ, ಆಡು, ಹೊಲಿಗೆ ಯಂತ್ರ, ಸಣ್ಣ ಅಂಗಡಿ ಇವು ಮುಂದಿನ ಹಂತದಲ್ಲಿ ಬಂದವು. ಪರರ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಸಣ್ಣ ಹಿಡುವಳಿದಾರರು ತಮ್ಮ ಹೊಲದ ಕೆಲಸಕ್ಕೆ ಹೆಚ್ಚು ಸಮಯ ಕೊಡತೊಡಗಿದರು. ಹಳೆಯ ಸಾಲ ತಗ್ಗಿತು. ಕುಡಿತ ಹೆಚ್ಚಿದ್ದಕ್ಕೆ ಆಧಾರ ಸಿಕ್ಕಲಿಲ್ಲ. ದುಡಿಮೆ ಕುಗ್ಗುತ್ತದೆಂಬ ಭೀತಿಗೆ ವಿರುದ್ಧವಾಗಿ, ದುಡಿಮೆಯ ಸ್ವರೂಪವೇ ಬದಲಾದುದನ್ನು ಇಲ್ಲಿ ಕಾಣಬಹುದು. ಬೀಜ ಕೊಂಡು ಬಿತ್ತಿದವನನ್ನು ‘ಫಲಾನುಭವಿ’ ಎಂದು ಕರೆಯುವುದು ಎಷ್ಟರಮಟ್ಟಿಗೆ ಉಚಿತ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ.

3

ಹಣದ ಮೊತ್ತದಷ್ಟೇ ಅದು ಬರುವ ಕ್ರಮವೂ ಮುಖ್ಯವೆಂಬುದನ್ನು ಆಫ್ರಿಕದ ಒಂದು ಅಧ್ಯಯನ ತೋರಿಸಿಕೊಟ್ಟಿದೆ. ಪಶ್ಚಿಮ ಕೀನ್ಯಾದ ರಾರಿಯೇಡಾ ಪ್ರದೇಶದಲ್ಲಿ ‘ಗಿವ್ ಡೈರೆಕ್ಟ್‌ಲಿ’ ಸಂಸ್ಥೆಯು 2011-12ರಲ್ಲಿ ಬಡ ಕುಟುಂಬಗಳಿಗೆ ಮೊಬೈಲ್ ಫೋನಿನ ಮೂಲಕ ಹಣ ಕಳುಹಿಸಿತು. ಕೆಲವು ಕುಟುಂಬಗಳಿಗೆ ತಿಂಗಳು ತಿಂಗಳೂ, ಕೆಲವಕ್ಕೆ ಇಡಿಗಂಟಾಗಿಯೂ ಹಣ ಹೋಯಿತು. ಹೌಶೋಫರ್ ಮತ್ತು ಶಪಿರೊ ಎಂಬ ವಿದ್ವಾಂಸರು 2016ರಲ್ಲಿ ಪ್ರಕಟಿಸಿದ ಫಲಿತಾಂಶಗಳ ಪ್ರಕಾರ, ತಿಂಗಳ ಕಂತು ಪಡೆದವರಲ್ಲಿ ಊಟದ ಭದ್ರತೆ ಹೆಚ್ಚಾಗಿ ಸುಧಾರಿಸಿತು. ಇಡಿಗಂಟು ಪಡೆದವರು ಬಾಳಿಕೆ ಬರುವ ಆಸ್ತಿಯತ್ತ ಹೆಚ್ಚು ಒಲಿದರು. ಮದ್ಯ ಮತ್ತು ತಂಬಾಕಿನ ವೆಚ್ಚ ಅಲ್ಲಿಯೂ ಏರಲಿಲ್ಲ.

ಆಸ್ತಿಗಳಲ್ಲಿ ಜಾನುವಾರುಗಳಿದ್ದವು, ಹುಲ್ಲಿನ ಮಾಡಿಗೆ ಬದಲಾಗಿ ಹೊದೆಸಿದ ತಗಡಿನ ಮಾಡೂ ಇದ್ದಿತು. ಹುಲ್ಲಿನ ಮಾಡನ್ನು ಮತ್ತೆ ಮತ್ತೆ ಹೊಸದಾಗಿ ಹೊದೆಸಬೇಕು. ಅದಕ್ಕೆ ಹುಲ್ಲು, ಕೂಲಿ ಎರಡೂ ಬೇಕು. ತಗಡು ಒಮ್ಮೆ ಬಂದರೆ ಆ ವೆಚ್ಚ ಉಳಿಯುತ್ತದೆ. ಹೊರಗಿನವರಿಗೆ ಶೋಕಿಯಂತೆ ತೋರುವ ವೆಚ್ಚದ ಹಿಂದೆ ಮನೆಯವರ ಇಂಥ ಲೆಕ್ಕಾಚಾರವಿರುತ್ತದೆ. ಮುಂಬಯಿಯ ಮನಿಯಾರ್ಡರಿನಿಂದ ಕರಾವಳಿಯ ಮನೆಗೆ ಹಂಚು ಬಂದದ್ದೂ ಇದೇ ಲೆಕ್ಕಾಚಾರದಿಂದಲೇ. ಎರಡು ಖಂಡಗಳ ರೈತ ಕುಟುಂಬಗಳು ಪರಸ್ಪರ ಅರಿಯದೆ ಒಂದೇ ತೀರ್ಮಾನಕ್ಕೆ ಬಂದುದು ಗಮನಿಸತಕ್ಕ ಸಂಗತಿ.

4

ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ‘ಗೃಹಲಕ್ಷ್ಮಿ’ ಯೋಜನೆ ಉದ್ಘಾಟನೆಯಾಯಿತು. ತಿಂಗಳಿಗೆ 2,000 ರೂಪಾಯಿಯಂತೆ ಒಂದು ಕೋಟಿಗೂ ಅಧಿಕ ಮಹಿಳೆಯರನ್ನು ಅದು ಒಳಗೊಂಡಿತು. ಈ ಯೋಜನೆಯ ಕಡತಗಳಲ್ಲಿ ‘ಫಲಾನುಭವಿ’ಯ ಜೊತೆಗೆ ಇನ್ನೊಂದು ಪದವೂ ಇದೆ. ಹಣ ಸಲ್ಲುವುದು ‘ಕುಟುಂಬದ ಯಜಮಾನಿ’ಗೆ. ಯಜಮಾನ ಎಂದರೆ ಮೂಲತಃ ಯಜ್ಞವನ್ನು ಮಾಡಿಸುವವನು, ಅದರ ವೆಚ್ಚವನ್ನು ಹೊತ್ತು ದಕ್ಷಿಣೆ ಕೊಡುವವನು. ಅಂದರೆ ಅದು ಕೊಡುವವರನ್ನು ಸೂಚಿಸುವ ಪದ. ಒಂದೇ ಕಡತದಲ್ಲಿ ಒಬ್ಬಳೇ ಹೆಣ್ಣುಮಗಳು ಪಡೆಯುವವಳೂ ಕೊಡುವವಳೂ ಆಗಿದ್ದಾಳೆ.

ಈ ಎರಡನೆಯ ಅರ್ಥವನ್ನು ಸ್ವತಃ ಹೆಣ್ಣುಮಕ್ಕಳೇ ಬಳಕೆಗೆ ತಂದಂತಿದೆ. ಗದಗ ಜಿಲ್ಲೆಯಲ್ಲಿ ಅತ್ತೆ ಸೊಸೆಯರು ಈ ಹಣವನ್ನು ಕೂಡಿಟ್ಟು ಕೊಳವೆಬಾವಿ ತೋಡಿಸಿದರೆಂದೂ, ಬೆಳಗಾವಿ ಜಿಲ್ಲೆಯಲ್ಲಿ ಒಬ್ಬ ಮಹಿಳೆ ಊರಿನ ಮಕ್ಕಳಿಗಾಗಿ ಗ್ರಂಥಾಲಯ ತೆರೆದರೆಂದೂ ಪತ್ರಿಕೆಗಳು ವರದಿ ಮಾಡಿದವು. 2024ರಲ್ಲಿ ಅದೇ ಜಿಲ್ಲೆಯ ವೃದ್ಧೆಯೊಬ್ಬರು ಹಣ ಉಳಿಸಿ ಊರವರಿಗೆ ಹೋಳಿಗೆಯ ಊಟ ಹಾಕಿಸಿದ ಸುದ್ದಿಯೂ ಪ್ರಕಟವಾಯಿತು. ಇವು ಬಿಡಿ ಪ್ರಸಂಗಗಳು. ಇವುಗಳಿಂದ ಇಡೀ ರಾಜ್ಯದ ಚಿತ್ರವನ್ನು ಊಹಿಸಲಾಗದು. ಕೊಳವೆಬಾವಿಯನ್ನು ಅರ್ಥಶಾಸ್ತ್ರಜ್ಞರು ಹೂಡಿಕೆ ಎಂದು ಒಪ್ಪಿಯಾರು. ಹೋಳಿಗೆಯ ಊಟವನ್ನು ಯಾವ ಲೆಕ್ಕಕ್ಕೆ ಹಾಕಬೇಕು? ಅದು ದುಂದಲ್ಲವೇ ಎಂದು ಕೇಳುವವರಿದ್ದಾರೆ.

ಜಾನಪದವನ್ನು ಬಲ್ಲವರಿಗೆ ಇದರ ಉತ್ತರ ಕಷ್ಟವಲ್ಲ. ಉಣ್ಣುವುದಕ್ಕೆ ಕರೆಸಿಕೊಳ್ಳುವ ಮನೆಗೂ ಉಣ್ಣಿಸುವುದಕ್ಕೆ ಕರೆಯುವ ಮನೆಗೂ ಹಳ್ಳಿಯಲ್ಲಿ ದೊಡ್ಡ ಅಂತರವಿದೆ. ಬಡವರಿಗೆ ಮೊದಲನೆಯ ಸ್ಥಾನ ಸದಾ ಲಭ್ಯ, ಎರಡನೆಯದು ದುರ್ಲಭ. ಮುಯ್ಯಿ ಮಾಡುವುದು, ಮುಯ್ಯಿ ತೀರಿಸುವುದು ಊರಿನ ಬದುಕಿನಲ್ಲಿ ಸಮಾನತೆಯ ಒಂದು ಕ್ರಮ. ಆ ವೃದ್ಧೆ ಪಂಕ್ತಿಯಲ್ಲಿ ಕುಳಿತವರಿಗೆ ಹೋಳಿಗೆ ಬಡಿಸಿದಾಗ ನಿಜವಾದ ಅರ್ಥದಲ್ಲಿ ಯಜಮಾನಿಯಾದರು. ತೂಕ, ಹಾಜರಾತಿ, ಸಾಲಗಳಂತೆ ಇದನ್ನು ಅಳೆಯಲು ಬಾರದು. ಹಾಗೆಂದು ಇದನ್ನು ಬದುಕಿನ ಸುಧಾರಣೆಯಲ್ಲವೆಂದು ತಳ್ಳಿಹಾಕಲೂ ಆಗದು.

5

ಇಷ್ಟಾದರೂ ನಗದನ್ನು ಸರ್ವರೋಗ ನಿವಾರಕವೆಂದು ಭಾವಿಸುವುದು ತಪ್ಪಾಗುತ್ತದೆ. ಕರ್ನಾಟಕದಲ್ಲಿಯೇ 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಗೆ ಬದಲಾಗಿ, ಕಿಲೋಗೆ 34 ರೂಪಾಯಿಯ ಲೆಕ್ಕದಲ್ಲಿ ತಲಾ 170 ರೂಪಾಯಿ ಕೊಡಲಾಯಿತು. 2025ರ ಫೆಬ್ರವರಿಯಿಂದ ಮತ್ತೆ ಅಕ್ಕಿಯೇ ಬಂದಿತು. ಅಂಗಡಿಯಲ್ಲಿ ಅಕ್ಕಿಯ ಬೆಲೆ 34 ರೂಪಾಯಿಯನ್ನು ಮೀರಿದ ದಿನ 170 ರೂಪಾಯಿ ಐದು ಕಿಲೋ ಆಗಿ ಉಳಿಯುವುದಿಲ್ಲ. ಅಕ್ಕಿಯ ತೂಕ ಬದಲಾಗದು, ಹಣದ ತೂಕ ಬದಲಾಗುತ್ತದೆ.

ಹಣ ಯಾರ ಹೆಸರಿಗೆ ಬರುತ್ತದೆ ಎಂಬುದೂ ನಿರ್ಣಾಯಕವಾದ ಅಂಶ. ತೆಲಂಗಾಣದಲ್ಲಿ 2018ರಲ್ಲಿ ಆರಂಭವಾದ ‘ರೈತುಬಂಧು’ ಯೋಜನೆ ಪ್ರತಿ ಹಂಗಾಮಿಗೆ ಎಕರೆಗೆ 4,000 ರೂಪಾಯಿ ಕೊಟ್ಟಿತು. ಕನ್ನಡ ಮಾತಾಡುವ ಜನರಿರುವ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಂಥ ಕಡೆಗಳಿಗೂ ಅದು ಅನ್ವಯವಾಯಿತು. ಆದರೆ ಹಣ ಸಂದದ್ದು ಪಟ್ಟಾ ಇದ್ದವರಿಗೆ; ಗೇಣಿಗೆ ಉಳುವವರು ಹೊರಗುಳಿದರು. ಮಹಾರಾಷ್ಟ್ರದಲ್ಲಿ 2024ರ ಜುಲೈಯಿಂದ ‘ಲಾಡಕೀ ಬಹೀಣ’ ಯೋಜನೆಯಡಿ ತಿಂಗಳಿಗೆ 1,500 ರೂಪಾಯಿ ಮಹಿಳೆಯರಿಗೆ ಗೊತ್ತಾಯಿತು. ಅಕ್ಕಲಕೋಟೆ, ಜತ್ತ ತಾಲೂಕುಗಳ ಕನ್ನಡ ಮನೆಗಳ ಹೆಣ್ಣುಮಕ್ಕಳು ಗಡಿಯಾಚೆಗೆ ಮದುವೆಯಾಗಿ ಹೋದರೆ, ಅಕ್ಕತಂಗಿಯರ ನಡುವೆಯೂ ಮೊತ್ತ ಬೇರೆ, ನಿಯಮ ಬೇರೆ.

ಗೃಹಲಕ್ಷ್ಮಿಯ ಕಂತುಗಳು ತಿಂಗಳುಗಟ್ಟಲೆ ತಡವಾದ ಸಂದರ್ಭಗಳೂ ಉಂಟು. ತಿಂಗಳ ಹಣ ಒಲೆಯನ್ನು ಉರಿಸುತ್ತದೆ, ಇಡಿಗಂಟು ಮಾಡನ್ನು ಕಟ್ಟುತ್ತದೆ ಎಂಬ ಕೀನ್ಯಾದ ಅನುಭವವನ್ನು ಇಲ್ಲಿ ನೆನೆಯಬೇಕು. ಯಾವುದು ಯಾವಾಗ ಬರುವುದೆಂದು ತಿಳಿದಿದ್ದರೆ ಮಾತ್ರ ಮನೆಯವರು ಎರಡಕ್ಕೂ ಸಿದ್ಧರಾಗಬಲ್ಲರು. ದಿನ ಗೊತ್ತಿಲ್ಲದ ಹಣವನ್ನು ನಂಬಿ ಅಂಗಡಿಯಲ್ಲಿ ಉದ್ದರಿ ಮಾಡಿದವರಿಗೆ ಅದು ಬಂದ ದಿನವೇ ಬಾಕಿಗೆ ಜಮೆಯಾಗುತ್ತದೆ. ಹಣದಿಂದ ಔಷಧಿ ಕೊಳ್ಳಬಹುದು. ಊರಿಗೆ ವೈದ್ಯರನ್ನು ತರಿಸಲಾಗದು. ಸಮವಸ್ತ್ರ ಹೊಲಿಸಬಹುದು, ಖಾಲಿ ಬಿದ್ದ ಶಿಕ್ಷಕರ ಹುದ್ದೆ ತುಂಬಲಾಗದು. ಶಾಲೆ, ಆಸ್ಪತ್ರೆ, ನೀರು, ರಸ್ತೆಗಳ ಹೊಣೆಯಿಂದ ನುಣುಚಿಕೊಳ್ಳಲು ನಗದು ನೆಪವಾಗಬಾರದು.

ಈ ಮಿತಿಗಳೆಲ್ಲವೂ ಕೊಡುವ ವ್ಯವಸ್ಥೆಗೆ ಸಂಬಂಧಿಸಿದವೇ ಹೊರತು ಪಡೆಯುವ ಕುಟುಂಬದ ವಿವೇಕಕ್ಕೆ ಸಂಬಂಧಿಸಿದವಲ್ಲ ಎಂಬುದನ್ನು ಕೊನೆಯದಾಗಿ ಹೇಳಬೇಕು. ಮನಿಯಾರ್ಡರಿನ ಕಾಲದ ತಾಯಿ, ಮಧ್ಯಪ್ರದೇಶದ ಸಣ್ಣ ಹಿಡುವಳಿದಾರ, ಗದಗಿನ ಅತ್ತೆ ಸೊಸೆ, ಇವರೆಲ್ಲರೂ ಕೈಗೆ ಬಂದುದನ್ನು ಮೊದಲು ಅನ್ನಕ್ಕೆ, ಅನಂತರ ಸಾಲಕ್ಕೆ, ಆಮೇಲೆ ನಾಳೆಗೆ ಎಂದು ತಮ್ಮತಮ್ಮ ಅಗತ್ಯಕ್ಕೆ ತಕ್ಕಂತೆ ಹಂಚಿಕೊಂಡಿದ್ದಾರೆ. ಆಡಳಿತ ಕನ್ನಡದ ಪದಕೋಶವನ್ನು ಪರಿಷ್ಕರಿಸುವ ಕಾರ್ಯ ಕನ್ನಡದ ವಿದ್ವಾಂಸರ ಹೊಣೆಗಳಲ್ಲೊಂದು. ಪಾರಿಭಾಷಿಕ ಪದಗಳನ್ನು ರಚಿಸುವಾಗ ಅವು ಮೂಲಕ್ಕೆ ನಿಷ್ಠವಾಗಿವೆಯೇ ಎಂದು ನೋಡುವುದರ ಜೊತೆಗೆ, ಅವು ಸೂಚಿಸುವ ಮನುಷ್ಯರಿಗೆ ನ್ಯಾಯ ಒದಗಿಸುತ್ತವೆಯೇ ಎಂದೂ ನೋಡುವ ಅಗತ್ಯವಿದೆ. ಕಡತದಲ್ಲಿ ಈಗಾಗಲೇ ಇರುವ ‘ಯಜಮಾನಿ’ ಎಂಬ ಪದ ಆ ದಿಕ್ಕಿನಲ್ಲಿ ಒಂದು ಒಳ್ಳೆಯ ಆರಂಭವಾಗಬಲ್ಲದು.